ವಾರ್ಡಿನಲ್ಲಿ ಕಲಿತ ಜರ್ಮನ್: ಕಲಿಯಿರಿ ಎನ್ನುವವರು ಕೊಡಬೇಕಾದದ್ದೇನು?

ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ವಲಸೆ ಬಂದವರು ಇಲ್ಲಿನ ಭಾಷೆಯನ್ನು ಕಲಿಯಲೇಬೇಕೆ ಎಂಬ ಪ್ರಶ್ನೆ ಇಲ್ಲಿ ಚುನಾವಣೆಯ ಕಾಲದಲ್ಲಿ ಜೋರಾಗಿ ಕೇಳಿಬರುತ್ತದೆ. ರಜೆಯಲ್ಲಿ ಊರಿಗೆ ಬಂದರೆ ಬೆಂಗಳೂರನ್ನು ಕುರಿತು ಅದೇ ಪ್ರಶ್ನೆ ಎದುರಾಗುತ್ತದೆ. ಎರಡೂ ಕಡೆ ಗಟ್ಟಿಯಾಗಿ ವಾದಿಸುವವರಲ್ಲಿ ಹೆಚ್ಚಿನವರು, ಪ್ರಾಯಕ್ಕೆ ಬಂದ ಮೇಲೆ ಅನ್ನಕ್ಕಾಗಿ ಒಂದು ಹೊಸ ಭಾಷೆಯನ್ನು ಕಲಿತವರಲ್ಲ. ನಾನು ಹಾಗೆ ಕಲಿತವಳು. ಆ ಕಲಿಕೆ ಹೇಗೆ ನಡೆಯಿತು, ಅದಕ್ಕೆ ನಾನು ತೆತ್ತದ್ದೇನು, ಇಲ್ಲಿನವರು ಕೊಟ್ಟದ್ದೇನು ಎಂಬುದನ್ನು ಬರೆದರೆ ಆ ಪ್ರಶ್ನೆಗೆ ನನ್ನ ಉತ್ತರವೂ ಅದರಲ್ಲೇ ಸಿಗುತ್ತದೆ ಎಂದುಕೊಂಡಿದ್ದೇನೆ. ಕಲಿಯಿರಿ ಎಂದು ಕೇಳುವುದು ತಪ್ಪಲ್ಲ, ಕೆಲವು ಕೆಲಸಗಳಲ್ಲಿ ಕಡ್ಡಾಯ ಮಾಡುವುದೂ ತಪ್ಪಲ್ಲ. ಆದರೆ ಹಾಗೆ ಕೇಳುವವರು ಪಾಠವನ್ನೂ ಸಮಯವನ್ನೂ ಕೊಡದಿದ್ದರೆ ಆ ಮಾತಿಗೆ ಬೆಲೆ ಇರುವುದಿಲ್ಲ.

ದಕ್ಷಿಣ ಕನ್ನಡದ ನಮ್ಮಂಥವರಿಗೆ ಒಂದಕ್ಕಿಂತ ಹೆಚ್ಚು ಭಾಷೆಗಳ ನಡುವೆ ಬದುಕುವುದು ಹೊಸತಲ್ಲ. ನಮ್ಮ ಮನೆಯ ಮಾತು ತುಳು, ಶಾಲೆಯದ್ದು ಕನ್ನಡ, ನೆರೆಮನೆಯದ್ದು ಬ್ಯಾರಿ, ಪೇಟೆಯ ಅಂಗಡಿಯಲ್ಲಿ ಕೊಂಕಣಿ. ಆದರೆ ಇವನ್ನೆಲ್ಲ ನಾವು ಕಲಿತೆವು ಎಂದು ಹೇಳುವಂತಿಲ್ಲ. ಮಕ್ಕಳಾಗಿದ್ದಾಗ ಕಿವಿಗೆ ಬಿದ್ದದ್ದು ನಾಲಿಗೆಗೆ ಬಂತು, ಅಷ್ಟೆ. ದೊಡ್ಡವರು ಭಾಷೆಯೊಂದನ್ನು ಕಲಿಯುವುದನ್ನು ನಾನು ಮೊದಲು ಕಂಡದ್ದು ಮಂಗಳೂರಿನಲ್ಲಿ ನರ್ಸಿಂಗ್ ಓದುವಾಗ. ನನ್ನ ತರಗತಿಯಲ್ಲಿ ಕೇರಳದಿಂದ ಬಂದವರು ಬಹಳ ಮಂದಿ ಇದ್ದರು. ಅವರಿಗೆ ಯಾರೂ ಕುಳ್ಳಿರಿಸಿ ತುಳುವನ್ನಾಗಲಿ ಕನ್ನಡವನ್ನಾಗಲಿ ಕಲಿಸಲಿಲ್ಲ. ವಾರ್ಡಿನಲ್ಲಿ ಅಜ್ಜಿಯೊಬ್ಬರು ಎದೆ ಹಿಡಿದುಕೊಂಡು ಏನೋ ಹೇಳುತ್ತಿದ್ದರೆ ಅರ್ಥ ಮಾಡಿಕೊಳ್ಳದೆ ವಿಧಿಯಿರಲಿಲ್ಲವಾದ್ದರಿಂದ ಅವರು ಕಲಿತರು. ಕೊನೆಯ ವರ್ಷದ ಹೊತ್ತಿಗೆ ‘ಊಟ ಆಯಿತಾ, ನೋವು ಎಲ್ಲಿ, ಗ್ಯಾಸ್ ಹೋಯಿತಾ’ ಎಂದು ಸರಾಗವಾಗಿ ಕೇಳುತ್ತಿದ್ದರು. ಆದರೆ ರೋಗಿಯ ಮನೆಯವರಿಗೆ ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ವಿವರಿಸಬೇಕಾದಾಗ ನಮ್ಮಲ್ಲೊಬ್ಬರನ್ನು ಕರೆಯುತ್ತಿದ್ದರು. ಅವಶ್ಯಕತೆಯೊಂದೇ ಕಲಿಸುವ ಭಾಷೆ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದು ನನಗೆ ಆಗಲೇ ತಿಳಿಯಿತು.

ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಯುರೋಪಿನಲ್ಲಿ ಭಾಷಾಜ್ಞಾನವನ್ನು ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಾಗಿ ಅಳೆಯುತ್ತಾರೆ. ಬಿ-2 ಅವುಗಳಲ್ಲಿ ನಾಲ್ಕನೆಯದು. ನಾನು ಆಸ್ಪತ್ರೆಯ ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು, ಕೂಡಿಟ್ಟ ಹಣವನ್ನು ಖರ್ಚು ಮಾಡಿ ಕಲಿತೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ನಡೆಯುವ ಗಯಟೆ ಸಂಸ್ಥೆಯ ಪರೀಕ್ಷೆಯಲ್ಲಿ ಓದು, ಆಲಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿದ್ದು, ಪ್ರತಿಯೊಂದರಲ್ಲೂ ನೂರಕ್ಕೆ 60 ಅಂಕ ಬರಬೇಕು. ನಮ್ಮ ಕಡೆಯ ಹುಡುಗಿಯರು ಸಾಮಾನ್ಯವಾಗಿ ಎಡವುವುದು ಆಲಿಕೆಯಲ್ಲಿ. ಓದಿ ಬಾಯಿಪಾಠ ಮಾಡುವ ಅಭ್ಯಾಸ ನಮಗೆ ಚೆನ್ನಾಗಿದೆ, ಕೇಳಿ ಹಿಡಿಯುವ ಅಭ್ಯಾಸ ಇಲ್ಲ. ಹಾಗಾಗಿ ನಾನು ಜರ್ಮನ್ ರೇಡಿಯೊ ಸುದ್ದಿಯನ್ನು ಕೇಳಿ, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತೊಡಗಿದೆ. ನಮ್ಮ ಲಿಪಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳು ಬೇರೆ ಬೇರೆಯಾಗಿರುವುದರಿಂದ ಜರ್ಮನ್ನಿನ ಸ್ವರಗಳನ್ನು ಬಹುಮಟ್ಟಿಗೆ ಸರಿಯಾಗಿ ಗುರುತಿಸಿಕೊಳ್ಳಬಹುದು. ತುಟಿಯನ್ನು ದುಂಡಗೆ ಮಾಡಿ ಹೇಳುವ ಎರಡು ಸ್ವರಗಳಿಗೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ. ಅವಕ್ಕೆ ನಾನೇ ಎರಡು ಗುರುತುಗಳನ್ನು ಮಾಡಿಕೊಂಡೆ.

ಪ್ರಮಾಣಪತ್ರ ಹಿಡಿದು ಬಂದ ಕೂಡಲೇ ಪೂರ್ಣ ನರ್ಸ್ ಎಂದು ಒಪ್ಪುವುದಿಲ್ಲ. ನಮ್ಮ ಪದವಿಯನ್ನು ಇಲ್ಲಿನ ಶಿಕ್ಷಣದೊಂದಿಗೆ ಹೋಲಿಸಿ, ಎಲ್ಲಿ ಕೊರತೆಯಿದೆ ಎಂದು ಸರಕಾರಿ ಕಚೇರಿ ಪತ್ರ ಕೊಡುತ್ತದೆ. ಆಮೇಲೆ ಒಂದೋ ಜ್ಞಾನಪರೀಕ್ಷೆಯಲ್ಲಿ ಪಾಸಾಗಬೇಕು, ಇಲ್ಲವೇ ಹೊಂದಾಣಿಕೆಯ ತರಬೇತಿಯನ್ನು ಮುಗಿಸಬೇಕು. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಆ ಅವಧಿಯಲ್ಲಿ, ತರಗತಿಯ ಜರ್ಮನ್ ಬೇರೆ, ವಾರ್ಡಿನ ಜರ್ಮನ್ ಬೇರೆ ಎಂಬುದು ಗೊತ್ತಾಯಿತು. ಇಲ್ಲಿನ ಮುದುಕರು ಮಾತಾಡುವುದು ಸ್ವಾಬಿಯನ್ ಉಪಭಾಷೆ. ಅದರಲ್ಲಿ ಸೊಂಟದಿಂದ ಬೆರಳಿನವರೆಗೆ ಇಡೀ ಕಾಲಿಗೆ ‘ಪಾದ’ ಎಂದೇ ಹೇಳುತ್ತಾರಾದ್ದರಿಂದ, ನೋವೆಂದರೆ ಸಾಕು, ಕೈಯಿಟ್ಟು ತೋರಿಸಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಸಂಖ್ಯೆಗಳದ್ದು ಇದಕ್ಕಿಂತ ದೊಡ್ಡ ಗಂಡಾಂತರ. ಜರ್ಮನ್ನಿನಲ್ಲಿ ಬಿಡಿಸ್ಥಾನದ ಅಂಕಿಯನ್ನು ಮೊದಲು ಹೇಳುತ್ತಾರೆ. ಎಪ್ಪತ್ತೈದನ್ನು ‘ಐದು ಮತ್ತು ಎಪ್ಪತ್ತು’ ಎನ್ನುತ್ತಾರೆ. ಕೇಳಿದ ಕ್ರಮದಲ್ಲೇ ಬರೆಯುತ್ತ ಹೋದರೆ 75 ಎಂಬುದು 57 ಆಗುತ್ತದೆ, ಮತ್ತು ಬರೆಯುತ್ತಿರುವುದು ನಾಡಿಬಡಿತವೋ ಔಷಧದ ಪ್ರಮಾಣವೋ ಆಗಿದ್ದರೆ ಮುಂದಿನದ್ದನ್ನು ವಿವರಿಸಬೇಕಾಗಿಲ್ಲ. ಇದರ ಜತೆಗೆ ದಶಮಾಂಶಕ್ಕೆ ಇಲ್ಲಿ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. ನಾನು ಮಾಡಿಕೊಂಡ ನಿಯಮ ಎರಡೇ ಸಾಲಿನದ್ದು: ಸಂಖ್ಯೆ ಪೂರ್ತಿ ಕಿವಿಗೆ ಬೀಳುವವರೆಗೆ ಪೆನ್ನು ಕಾಗದವನ್ನು ಮುಟ್ಟಬಾರದು, ಬರೆದ ಮೇಲೆ ಅಂಕಿ ಅಂಕಿಯಾಗಿ ಬಿಡಿಸಿ, ‘ಏಳು, ಐದು’ ಎಂದು ಎದುರಿಗಿರುವವರಿಗೆ ಮರಳಿ ಹೇಳಿ ಖಚಿತಪಡಿಸಿಕೊಳ್ಳಬೇಕು. ವೈದ್ಯರು ಆತುರದಲ್ಲಿದ್ದರೂ ಇದನ್ನು ಬಿಡುತ್ತಿರಲಿಲ್ಲ. ಮೊದಮೊದಲು ಮುಖ ಸಿಂಡರಿಸಿದವರು ಆಮೇಲೆ ತಾವಾಗಿಯೇ ಅಂಕಿಗಳನ್ನು ಬಿಡಿಸಿ ಹೇಳತೊಡಗಿದರು.

ದೂರವಾಣಿಗೆ ಬಹಳ ದಿನ ಹೆದರಿದೆ. ಎದುರಿಗಿದ್ದರೆ ಮುಖ, ಕೈ, ಹಾಸಿಗೆ ಎಲ್ಲವೂ ಅರ್ಥಕ್ಕೆ ಸಹಾಯ ಮಾಡುತ್ತವೆ; ಫೋನಿನಲ್ಲಿ ದನಿಯೊಂದೇ. ಸಹೋದ್ಯೋಗಿಯೊಬ್ಬರು ಮಧ್ಯಾಹ್ನ ಪುರುಸೊತ್ತಾದಾಗ ಪಕ್ಕದ ಕೋಣೆಯಿಂದ ಪ್ರಯೋಗಾಲಯದವರಂತೆ, ರೋಗಿಯ ಮಗಳಂತೆ, ಆಂಬುಲೆನ್ಸಿನವರಂತೆ ಫೋನ್ ಮಾಡಿ ನನ್ನನ್ನು ಪಳಗಿಸಿದರು. ಪಾಳಿ ಬದಲಾಗುವಾಗ ಮುಂದಿನ ಪಾಳಿಯವರಿಗೆ ಪ್ರತಿ ರೋಗಿಯ ಸ್ಥಿತಿಯನ್ನು ಒಪ್ಪಿಸುವ ಮಾತನ್ನು, ಉಡುಪು ಬದಲಿಸುವ ಕೋಣೆಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ಹೇಳಿ ನೋಡಿಕೊಂಡು ಹೋಗುತ್ತಿದ್ದೆ. ಜೇಬಿನ ಪುಸ್ತಕದಲ್ಲಿ ಬಿಡಿ ಪದಗಳನ್ನು ಬರೆಯುವುದನ್ನು ಬೇಗನೆ ನಿಲ್ಲಿಸಿ, ಯಾರಾದರೂ ಆಡಿದ ಇಡೀ ವಾಕ್ಯವನ್ನೇ ಬರೆಯತೊಡಗಿದೆ; ಪದ ಗೊತ್ತಿದ್ದರೂ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುವ ಸಂದರ್ಭಗಳು ಯಾವುವು ಎಂಬುದು ವಾಕ್ಯದಿಂದ ಮಾತ್ರ ತಿಳಿಯುತ್ತದೆ. ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವ ತಾಳ್ಮೆ ಕನ್ನಡದವರಿಗೆ ಹುಟ್ಟಿನಿಂದಲೇ ಇದೆ ಎಂಬುದು ಬೇರೆ ಮಾತು. ಗೌರವದ ಬಹುವಚನವೂ ನಮಗೆ ತೊಡಕಲ್ಲ: ನೀನು-ನೀವು ಇಲ್ಲಿಯೂ ಇದೆ, ರೋಗಿಗಳಿಗೆ ನೀವು, ಜತೆಯವರಿಗೆ ನೀನು.

ಇವೆಲ್ಲ ನನ್ನ ಪ್ರಯತ್ನ ಎಂದು ಹೇಳಿಕೊಳ್ಳಬಹುದಾದರೂ, ನನ್ನ ವಿಭಾಗದ ಮುಖ್ಯಸ್ಥೆ ಎರಡು ಏರ್ಪಾಡುಗಳನ್ನು ಮಾಡಿರದಿದ್ದರೆ ಇದು ಸಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಭಾಷೆಯ ತರಗತಿಗೆ ಹೋಗುವ ಸಮಯವನ್ನು ಕೆಲಸದ ಸಮಯವೆಂದೇ ಲೆಕ್ಕ ಹಿಡಿದರು, ಮತ್ತು ತರಬೇತಿ ಕೊಡುವ ಅರ್ಹತೆಯಿದ್ದ ಹಿರಿಯ ನರ್ಸ್ ಒಬ್ಬರ ಪಾಳಿಯಲ್ಲೇ ನನ್ನನ್ನು ಹಾಕಿದರು. ಅವರು ನನ್ನ ವರದಿಗಳನ್ನು ಓದಿ, ತಿದ್ದಿ, ಮತ್ತೆ ನನ್ನಿಂದಲೇ ಬರೆಸುತ್ತಿದ್ದರು. ನನ್ನ ಜತೆಗೇ ಬೆಂಗಳೂರಿನಲ್ಲಿ ಕಲಿತ ಗೆಳತಿಯೊಬ್ಬಳು ಬೇರೊಂದು ಊರಿನ ವೃದ್ಧಾಶ್ರಮಕ್ಕೆ ಸೇರಿದಳು. ಅವಳಿಗೆ ತರಗತಿಯ ಸಮಯ ಸಿಗಲಿಲ್ಲ. ರಾತ್ರಿ ಪಾಳಿಗಳೇ ಹೆಚ್ಚಾಗಿ ಸಿಕ್ಕವು, ರಾತ್ರಿ ಮಾತಾಡಲು ಯಾರೂ ಇರುವುದಿಲ್ಲ. ವರ್ಷದ ಕೊನೆಗೆ ನಡೆದ ಮಾತುಕತೆಯಲ್ಲಿ ‘ನಿಮ್ಮ ಜರ್ಮನ್ ಸುಧಾರಿಸಿಲ್ಲ’ ಎಂದರಂತೆ. ನಮ್ಮಿಬ್ಬರ ಬುದ್ಧಿಯಲ್ಲಿ ಅಂಥ ಅಂತರವೇನೂ ಇರಲಿಲ್ಲ. ತರಗತಿಯಲ್ಲಿ ಅವಳೇ ನನಗಿಂತ ಮುಂದಿದ್ದವಳು.

ಈ ಅಂತರವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ನಮ್ಮ ವಾರ್ಡಿಗೆ ಬರುವ ಮುದಿ ತುರ್ಕಿಗಳನ್ನು ನೋಡಬೇಕು. ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ, ಗಣಿಗಳಿಗೆ ಆಳುಗಳನ್ನು ಕರೆಸಿಕೊಂಡಿತು. 1973ರಲ್ಲಿ ಈ ನೇಮಕವನ್ನು ನಿಲ್ಲಿಸಿತು. ಅವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದರು. ಅತಿಥಿ ಎಂದ ಮೇಲೆ ಹೊರಟುಹೋಗುವವನೇ ಎಂಬ ಲೆಕ್ಕದಲ್ಲಿ ಭಾಷೆ ಕಲಿಸುವ ವ್ಯಾಪಕ ವ್ಯವಸ್ಥೆಯನ್ನು ಸರಕಾರ ಆಗ ಮಾಡಲಿಲ್ಲ. ದೇಶದಾದ್ಯಂತ ಒಂದೇ ರೀತಿಯ ಭಾಷಾ ತರಗತಿಗಳು ಕಾನೂನಿನ ಬಲದೊಂದಿಗೆ ಬಂದದ್ದು 2005ರಲ್ಲಿ. ಅಂದರೆ ಮೊದಲ ಒಪ್ಪಂದವಾಗಿ ಐವತ್ತು ವರ್ಷಗಳ ಮೇಲೆ. ಈಗಿನ ಸಾಮಾನ್ಯ ತರಗತಿಯಲ್ಲಿ 600 ಪಾಠದವಧಿ ಭಾಷೆ, 100 ಅವಧಿ ದೇಶದ ಕಾನೂನು, ಇತಿಹಾಸ, ಸಮಾಜದ ಪರಿಚಯ. ಯಂತ್ರದ ಸದ್ದಿನಲ್ಲಿ ಮಾತಿಗೇ ಅವಕಾಶವಿಲ್ಲದ ಕಡೆ ಮೂವತ್ತು ವರ್ಷ ದುಡಿದವರನ್ನು ‘ಇಷ್ಟು ವರ್ಷವಾದರೂ ಭಾಷೆ ಬರುವುದಿಲ್ಲವೇ’ ಎಂದು ಕೇಳುವುದನ್ನು ನಾನು ಕಾರಿಡಾರಿನಲ್ಲಿ ಕೇಳಿದ್ದೇನೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಪೌರತ್ವ ಕಾನೂನು ಆ ತಲೆಮಾರಿನವರಿಗೆ ಲಿಖಿತ ಪರೀಕ್ಷೆಯನ್ನು ಬಿಟ್ಟು, ದಿನಬಳಕೆಯ ಮಾತು ಬಂದರೆ ಸಾಕು ಎಂದಿದೆ. ತಡವಾಗಿಯಾದರೂ ಸರಿಯಾದದ್ದೇ.

ಮರೆಗುಳಿತನ ಬಂದ ಮೇಲೆ ಕಷ್ಟ ಇನ್ನೊಂದು ಬಗೆಯದು. ಬೆಳೆದ ಮೇಲೆ ಕಲಿತ ಭಾಷೆ ಅನೇಕರಲ್ಲಿ ಮೊದಲು ಅಳಿಸಿಹೋಗುತ್ತದೆ. ಜರ್ಮನ್ ಚೆನ್ನಾಗಿಯೇ ಬರುತ್ತಿದ್ದ ಅಜ್ಜಿಯೊಬ್ಬರು ತುರ್ಕಿ ಭಾಷೆಯಲ್ಲಿ ಮಾತ್ರ ಉತ್ತರಿಸತೊಡಗಿದಾಗ, ‘ಕಲಿಯಬೇಕಿತ್ತು’ ಎಂಬ ಮಾತಿಗೆ ಅಲ್ಲಿ ಏನು ಅರ್ಥ? ಚಿಕಿತ್ಸೆಯನ್ನು ರೋಗಿಗೆ ಅರ್ಥವಾಗುವಂತೆ ವಿವರಿಸಬೇಕೆಂದು 2013ರ ರೋಗಿಗಳ ಹಕ್ಕಿನ ಕಾನೂನು ಹೇಳುತ್ತದೆ, ಆದರೆ ದುಭಾಷಿಯ ಖರ್ಚನ್ನು ಕಡ್ಡಾಯ ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಹಾಗಾಗಿ ಹತ್ತು-ಹನ್ನೆರಡು ವರ್ಷದ ಮೊಮ್ಮಕ್ಕಳು ಅಜ್ಜಿಯ ಗಡ್ಡೆಯ ಸುದ್ದಿಯನ್ನು ತಿಳಿಸುವ ದುಭಾಷಿಗಳಾಗುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಅಂಥ ಸಂದರ್ಭದಲ್ಲಿ ನಮ್ಮ ಅಡುಗೆ ವಿಭಾಗದಲ್ಲಿರುವ ತುರ್ಕಿ ಮಹಿಳೆಯನ್ನು ಕರೆಯುತ್ತೇವೆ; ಅವರು ಬರುತ್ತಾರೆ, ಆದರೆ ಅದು ಅವರ ಕೆಲಸವಲ್ಲ.

ಭಾಷೆ ಕಲಿತರೆ ಎಲ್ಲವೂ ಸರಿಹೋಗುತ್ತದೆ ಎಂಬುದೂ ನಿಜವಲ್ಲ. 1960ರ ದಶಕದಿಂದ ಕೇರಳದ ಸಾವಿರಾರು ಯುವತಿಯರು ಕ್ಯಾಥೊಲಿಕ್ ಸಂಸ್ಥೆಗಳ ಮೂಲಕ ಇಲ್ಲಿಗೆ ಬಂದು, ಇಲ್ಲಿಯೇ ನರ್ಸಿಂಗ್ ಓದಿ, ಜರ್ಮನ್ ಕಲಿತು ದುಡಿದರು. 1970ರ ದಶಕದ ಕೊನೆಯಲ್ಲಿ ನರ್ಸುಗಳ ಕೊರತೆ ನೀಗಿತು ಎನಿಸಿದಾಗ ಕೆಲವು ರಾಜ್ಯಗಳು ಅವರಲ್ಲಿ ಅನೇಕರ ವಾಸದ ಪರವಾನಗಿಯನ್ನು ಮುಂದುವರಿಸಲಿಲ್ಲ. ಇಂದಿನ ನಿಯಮಗಳಲ್ಲೂ ಎಲ್ಲರಿಗೂ ಒಂದೇ ಅಳತೆಯಿಲ್ಲ. ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಅವರು ವೀಸಾಕ್ಕೆ ಮೊದಲೇ ಎ-1 ಮಟ್ಟದ ಜರ್ಮನ್ ಕಲಿತಿರಬೇಕು ಎಂಬ ನಿಯಮ 2007ರಲ್ಲಿ ಬಂತು. ಆದರೆ ಅಮೆರಿಕ, ಜಪಾನ್ ಮುಂತಾದ ದೇಶಗಳವರ ಸಂಗಾತಿಗಳಿಗೂ ಬ್ಲೂ ಕಾರ್ಡ್ (ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇರುವ ಎಂಜಿನಿಯರುಗಳ ಸಂಗಾತಿಗಳಿಗೂ ಅದರಿಂದ ವಿನಾಯಿತಿ ಇದೆ. ಇನ್ನೂ ಮಾನ್ಯತೆ ಸಿಗದ ನರ್ಸಿನ ಗಂಡ ಊರಿನಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿರುವಾಗ, ಸ್ಟುಟ್‌ಗಾರ್ಟಿನ ಐ.ಟಿ. ಕಂಪನಿಯಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಕೆಲಸ ಮಾಡುವವನ ಹೆಂಡತಿ ನೇರವಾಗಿ ವಿಮಾನ ಹತ್ತುತ್ತಾಳೆ. ನನ್ನಂಥವಳಿಗೆ ಬಿ-2 ಕಡ್ಡಾಯವೆಂಬುದನ್ನು ನಾನು ಸಮರ್ಥಿಸುತ್ತೇನೆ, ಏಕೆಂದರೆ ನನಗೆ ಮಾತು ಅರ್ಥವಾಗದಿದ್ದರೆ ಅದರ ನಷ್ಟ ಹಾಸಿಗೆಯಲ್ಲಿರುವವರಿಗೆ. ಸಂಗಾತಿಯ ಎ-1 ಹಾಗಲ್ಲ. ಅದನ್ನು ಇಲ್ಲಿಗೆ ಬಂದ ಮೇಲೆ ಕಲಿಯಬಹುದು, ಮತ್ತು ಇಲ್ಲಿ ಬೇಗ ಬರುತ್ತದೆ.

ಕರ್ನಾಟಕದ ವಿಷಯದಲ್ಲೂ ನನಗೆ ಇದೇ ವಿಂಗಡಣೆ ಸರಿ ಎನಿಸುತ್ತದೆ. ಬೆಂಗಳೂರಿನಲ್ಲಿ ಕನ್ನಡವಿಲ್ಲದೆ ವರ್ಷಗಟ್ಟಲೆ ಬದುಕಬಹುದಾದರೂ ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆಯಂಥ ಕಡೆ ಜನರ ಎದುರು ಕೂರುವವರಿಂದ ಕನ್ನಡವನ್ನು ನಿರೀಕ್ಷಿಸುವುದು ನ್ಯಾಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಹೊರರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಬಳಕೆ ಕನ್ನಡ’ವನ್ನು ಪಠ್ಯದಲ್ಲಿ ಇಟ್ಟಿರುವುದು ಒಳ್ಳೆಯ ದಾರಿ. ಆದರೆ ಕಟ್ಟಡದ ಕೆಲಸಕ್ಕೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದು ತಗಡಿನ ಶೆಡ್ಡಿನಲ್ಲಿ ತನ್ನೂರಿನವರ ನಡುವೆಯೇ ಇರುವವನಿಗೆ ಯಾರು, ಯಾವ ಹೊತ್ತಿನಲ್ಲಿ ಕಲಿಸುತ್ತಾರೆ ಎಂಬುದಕ್ಕೆ ಉತ್ತರವಿಲ್ಲದೆ ಅವನನ್ನು ರಸ್ತೆಯಲ್ಲಿ ಅಡ್ಡಗಟ್ಟಿ ಕೇಳುವುದರಿಂದ ಕನ್ನಡಕ್ಕೆ ಏನೂ ಸಿಗುವುದಿಲ್ಲ.

ಈಗ ಹೊಸಬರನ್ನು ಪಳಗಿಸುವ ಸರದಿ ನನ್ನದು. ಕೇರಳದಿಂದ, ಫಿಲಿಪ್ಪೀನ್ಸಿನಿಂದ, ಟುನೀಶಿಯಾದಿಂದ ಬರುತ್ತಾರೆ. ಮೊದಲ ವಾರಗಳಲ್ಲಿ ಅವರಿಗೆ ಒಂಟಿಯಾಗಿ ಫೋನ್ ಎತ್ತುವ ಜವಾಬ್ದಾರಿ ಕೊಡುವುದಿಲ್ಲ. ಪಕ್ಕದಲ್ಲಿ ನಿಂತು ಸ್ಪೀಕರಿನಲ್ಲಿ ಕೇಳಿಸುತ್ತೇನೆ. ಸಂಖ್ಯೆಗಳನ್ನು ಬಿಡಿಸಿ ಹೇಳಿಸುತ್ತೇನೆ. ರಾತ್ರಿ ಪಾಳಿಗೆ ಅವರನ್ನು ಬೇಗನೆ ಹಾಕಬೇಡಿ ಎಂದು ಪಾಳಿಪಟ್ಟಿ ಮಾಡುವವರೊಂದಿಗೆ ಪ್ರತಿಸಲವೂ ಜಗಳವಾಗುತ್ತದೆ. ಜನ ಸಾಲದು ಎಂಬ ಅವರ ಉತ್ತರ ಸುಳ್ಳಲ್ಲವಾದ್ದರಿಂದ ಒಂದೆರಡು ರಾತ್ರಿಗಳಿಗೆ ನಾನು ಒಪ್ಪಬೇಕಾಗುತ್ತದೆ, ಅದಕ್ಕೆ ಬದಲಾಗಿ ಮುಂದಿನ ವಾರದ ತರಗತಿಯ ದಿನವನ್ನು ಪಟ್ಟಿಯಲ್ಲಿ ನನ್ನೆದುರೇ ಬರೆಸಿಕೊಳ್ಳುತ್ತೇನೆ.