ಹರಾಜು ಗೆದ್ದಾಯ್ತು, ಈಗ ಬೇಡ ಅನ್ನಿಸ್ತಿದೆ: ಹೊರಗೆ ಬರೋದು ಹೇಗೆ?

ಊರ ಜಾತ್ರೆಯಲ್ಲಿ ದೇವರ ಮುಂದಿಟ್ಟ ಬಾಳೆಗೊನೆ, ತೆಂಗಿನಕಾಯಿ ಹರಾಜು ಹಾಕುತ್ತಾರಲ್ಲ, ಅಲ್ಲಿ ಹುಮ್ಮಸ್ಸಿಗೆ ಬಿದ್ದು ಸವಾಲು ಕೂಗಿದವರು ದುಡ್ಡು ಕೊಡೋದು ಎಷ್ಟೋ ಸಲ ಮುಂದಿನ ಜಾತ್ರೆಗೆ. ಯಾರೂ ಒತ್ತಾಯ ಮಾಡುವುದಿಲ್ಲ. ಬ್ಯಾಂಕಿನವರು ನಡೆಸುವ ಇ-ಹರಾಜು ಹಾಗಲ್ಲ. ಮಧ್ಯಾಹ್ನ ಒಂದು ಗಂಟೆಗೆ ಗೆದ್ದಿರಿ ಅಂದರೆ ಮರುದಿನ ಸಂಜೆಯೊಳಗೆ ಲಕ್ಷಗಟ್ಟಲೆ ಕಟ್ಟಬೇಕು.

ನನಗಿದು ಸರಿಯಾಗಿ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. ಮೈಸೂರಿನಲ್ಲಿ ಎರಡು ಬೆಡ್‌ರೂಮಿನ ಒಂದು ಫ್ಲಾಟ್. ಮಾಲೀಕರು ಸಾಲ ತೀರಿಸಲಾಗದೆ ಬ್ಯಾಂಕು ಹರಾಜಿಗಿಟ್ಟಿದ್ದು. ರಿಸರ್ವ್ ಬೆಲೆ, ಅಂದರೆ ಬ್ಯಾಂಕು ಇಟ್ಟ ಕನಿಷ್ಠ ಬೆಲೆ, 60 ಲಕ್ಷ. 66 ದಾಟಬಾರದು ಅಂತ ಮನೆಯಲ್ಲಿ ಮಾತಾಗಿತ್ತು. ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿಕೊಂಡೂ ಇದ್ದೆ. ಒಂದೊಂದು ಸವಾಲಿಗೆ 50 ಸಾವಿರದ ಏರಿಕೆ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡಿಯಾರ ಮತ್ತೆ ಐದು ನಿಮಿಷ ಮುಂದಕ್ಕೆ ಹೋಗುತ್ತದೆ. ಆ ಕಡೆ ಯಾರೋ ಒಬ್ಬರು, ಈ ಕಡೆ ನಾನು. ಇನ್ನೊಂದು 50 ಸಾವಿರ ಅಲ್ವಾ, ಇನ್ನೊಂದೇ ಒಂದು ಅಲ್ವಾ ಅಂತ ಒತ್ತುತ್ತಾ ಹೋದೆ. ಗಡಿಯಾರ ನಿಂತಾಗ ಪರದೆಯ ಮೇಲೆ 71,50,000 ಅಂತ ಇತ್ತು. ಗೆದ್ದವನು ನಾನೇ.

ಸಂಜೆ ಹೆಂಡತಿಯನ್ನು ಕರೆದುಕೊಂಡು ಫ್ಲಾಟ್ ನೋಡಲು ಹೋದೆ. ಮೊದಲ ಸಲ ಹೋದಾಗ ಗೇಟಿನಿಂದಲೇ ನೋಡಿ ಬಂದಿದ್ದೆ, ಅದು ನನ್ನ ತಪ್ಪು. ಈಗ ಮೂರನೇ ಮಹಡಿ ಹತ್ತಿದೆವು. ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿತ್ತು, ನಿಜ. ಆದರೆ ಅದರ ಕೆಳಗೆ ಹೊಸ್ತಿಲಲ್ಲಿ ಬೆಳಗ್ಗೆಯಷ್ಟೇ ಹಾಕಿದ ರಂಗೋಲಿ. ಪಕ್ಕದಲ್ಲಿ ಮಕ್ಕಳ ಎರಡು ಜೊತೆ ಚಪ್ಪಲಿ. ಒಳಗೆ ಕುಕ್ಕರ್ ಕೂಗುತ್ತಿತ್ತು. ಬ್ಯಾಂಕು ಸ್ವಾಧೀನ ತೆಗೆದುಕೊಂಡಿದ್ದು ಕಾಗದದ ಮೇಲೆ ಮಾತ್ರ. ಟೆಂಡರ್ ದಾಖಲೆಯ ನಾಲ್ಕನೇ ಪುಟದಲ್ಲಿ ‘ಸಾಂಕೇತಿಕ ಸ್ವಾಧೀನ’ ಅಂತ ಬರೆದಿದ್ದರು. ನಾನು ಓದಿರಲಿಲ್ಲ ಅಷ್ಟೇ.

ಇಂಥ ಜಾಗದಲ್ಲಿ ಸಿಕ್ಕಿಕೊಂಡವರಿಗೆ ಮುಂದಿನ ಹೆಜ್ಜೆಗಳು.

ಒಂದು: ಯಾವ ಮೆಟ್ಟಿಲ ಮೇಲಿದ್ದೀರಿ ಅಂತ ನೋಡಿ

ಸಾಲಕ್ಕೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕುಗಳು ಮಾರೋದು 2002ರ ಸರ್ಫೇಸಿ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ. ಸರ್ಕಾರಿ ಬ್ಯಾಂಕುಗಳ ಇಂಥ ಹರಾಜುಗಳು ಈಗ ‘ಬ್ಯಾಂಕ್‌ನೆಟ್’ ಪೋರ್ಟಲ್‌ನಲ್ಲಿ ನಡೆಯುತ್ತವೆ. ಹೊರಗೆ ಬರುವ ಬಾಗಿಲು ಯಾವಾಗಲೂ ಇದೆ, ಆದರೆ ಒಂದೊಂದು ಮೆಟ್ಟಿಲು ಏರಿದ ಹಾಗೆ ಅದರ ಬೆಲೆ ಜಾಸ್ತಿ ಆಗುತ್ತದೆ.

ಮೊದಲ ಮೆಟ್ಟಿಲು ಇಎಂಡಿ, ಅಂದರೆ ಮುಂಗಡ ಠೇವಣಿ. ಸಾಮಾನ್ಯವಾಗಿ ರಿಸರ್ವ್ ಬೆಲೆಯ ಶೇ 10. ನನ್ನ ಲೆಕ್ಕದಲ್ಲಿ 6 ಲಕ್ಷ. ಸೋತವರಿಗೆ ಇದು ವಾಪಸ್ ಹೋಗುತ್ತದೆ, ಗೆದ್ದವರದು ಅಲ್ಲೇ ಉಳಿಯುತ್ತದೆ.

ಎರಡನೆಯದು ಶೇ 25. ಗೆದ್ದ ದಿನವೇ, ಇಲ್ಲವೇ ಮರು ಕೆಲಸದ ದಿನದೊಳಗೆ ಒಟ್ಟು ಬೆಲೆಯ ಕಾಲು ಭಾಗ ಕಟ್ಟಿರಬೇಕು. ಇಎಂಡಿ ಇದರಲ್ಲೇ ಸೇರುತ್ತದೆ. 71.5 ಲಕ್ಷಕ್ಕೆ ಕಾಲು ಭಾಗ ಅಂದರೆ 17,87,500. ಆರು ಕಳೆದರೆ ಹೊಸದಾಗಿ ಹೊಂದಿಸಬೇಕಾದದ್ದು 11,87,500.

ಮೂರನೆಯದು ಉಳಿದ ಮುಕ್ಕಾಲು. ಮಾರಾಟ ಖಾಯಂ ಆದ 15 ದಿನದೊಳಗೆ. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಸಮಯ ಸಿಗುತ್ತದೆ, ಆದರೆ ಏನೇ ಮಾಡಿದರೂ ಮೂರು ತಿಂಗಳು ಮೀರುವಂತಿಲ್ಲ.

ಶೇ 25 ಕಟ್ಟದಿದ್ದರೆ ಆಸ್ತಿಯನ್ನು ಮತ್ತೆ ಹರಾಜಿಗಿಡಬೇಕು ಅಂತ ನಿಯಮ ಹೇಳುತ್ತದೆ. ಇಎಂಡಿ ಮುಟ್ಟುಗೋಲು ಹಾಕುವ ಮಾತು ಬರೋದು ಮುಖ್ಯವಾಗಿ ಟೆಂಡರ್ ಷರತ್ತಿನಲ್ಲಿ. ಅದಕ್ಕೇ ಆ ಷರತ್ತುಗಳನ್ನು ಒಂದೊಂದು ಸಾಲಾಗಿ ಓದಿ. ಮುಂದಿನ ಹರಾಜುಗಳಿಗೆ ನಿಮ್ಮನ್ನು ಸೇರಿಸುವುದಿಲ್ಲ ಎಂಬ ಸಾಲೂ ಅಲ್ಲೇ ಇರಬಹುದು. ಆದರೆ ಶೇ 25 ಕಟ್ಟಿ, ಉಳಿದದ್ದು ಕಟ್ಟದೆ ಹೋದರೆ ಪೂರ್ತಿ ಕಾಲು ಭಾಗ ಮುಟ್ಟುಗೋಲು ಅಂತ ನಿಯಮವೇ ಹೇಳುತ್ತದೆ. ಅಲ್ಲಿ ವಾದಕ್ಕೆ ಜಾಗ ಕಡಿಮೆ.

ಬರೀ ಠೇವಣಿ ಕಳೆದುಕೊಂಡು ಹಿಂದೆ ಸರಿಯೋದು ಅಪರೂಪವೇನಲ್ಲ. 2025ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ‘ಎಚ್‌ಆರ್ 88 ಬಿ 8888’ ಎಂಬ ಗಾಡಿ ನಂಬರ್ ಆನ್‌ಲೈನ್ ಹರಾಜಿನಲ್ಲಿ 1.17 ಕೋಟಿಗೆ ಹೋಗಿ ದೇಶವೆಲ್ಲ ಸುದ್ದಿಯಾಯಿತು. ಕೊನೆಗೆ ಗೆದ್ದವರು ದುಡ್ಡೇ ಕಟ್ಟಲಿಲ್ಲ.

ಎರಡು: ಆ ರಾತ್ರಿಯೇ ಲೆಕ್ಕ ಹಾಕಿ

ಮರುದಿನ ಬ್ಯಾಂಕ್ ಬಾಗಿಲು ತೆರೆಯುವ ಮೊದಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರಬೇಕು. ಎಡಕ್ಕೆ, ಬಿಟ್ಟರೆ ಹೋಗುವ ದುಡ್ಡು. ಬಲಕ್ಕೆ, ಮುಂದುವರಿದರೆ ಆಗುವ ನಷ್ಟ.

ಎಡಗಡೆ ಸುಲಭ: 6 ಲಕ್ಷ. ಬಲಗಡೆಯೇ ಜನ ಎಡವೋದು. ಕೂಗಿದ ಬೆಲೆ ಒಂದನ್ನೇ ಹಿಡಿದು ಕೂರಬೇಡಿ. ನೋಂದಣಿ ಖರ್ಚು ಸೇರಿಸಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 45 ಲಕ್ಷದ ಮೇಲಿನ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ಎಲ್ಲ ಸೇರಿ ನಗರದಲ್ಲಿ ಹೆಚ್ಚೂಕಡಿಮೆ ಶೇ 7.6. ಅಂದರೆ 71.5 ಲಕ್ಷದ ಮೇಲೆ ಸುಮಾರು 5.4 ಲಕ್ಷ. ಆಮೇಲೆ ಬಾಕಿ ಮನೆ ತೆರಿಗೆ, ಕರೆಂಟು, ನೀರು. ಅಪಾರ್ಟ್‌ಮೆಂಟ್ ಸಂಘದವರ ಹತ್ತಿರ ಹೋಗಿ ಕೇಳಿ, ಮೇಂಟೆನೆನ್ಸ್ ಬಾಕಿ ವರ್ಷಗಟ್ಟಲೆ ಬೆಳೆದಿರುತ್ತದೆ. ಒಳಗೆ ಜನ ಇದ್ದರೆ ಕಾಯುವ ತಿಂಗಳುಗಳ ಬಡ್ಡಿ, ಬಾಡಿಗೆ ಕೂಡ ಲೆಕ್ಕಕ್ಕೆ ಬರಬೇಕು.

ಹೀಗೆ ಕೂಡಿದಾಗ ಫ್ಲಾಟ್ 79 ಲಕ್ಷಕ್ಕೆ ಬಂತು, ಮಾರುಕಟ್ಟೆಯಲ್ಲಿ ಅದು 75ಕ್ಕೆ ಹೋಗುತ್ತದೆ ಅಂದುಕೊಳ್ಳಿ. ನಷ್ಟ 4 ಲಕ್ಷ. ಇಎಂಡಿ ಬಿಟ್ಟರೆ 6 ಲಕ್ಷ. ಇಂಥ ಕಡೆ ಬೇಜಾರಾದರೂ ತೆಗೆದುಕೊಳ್ಳೋದೇ ಲಾಭ, ಆಮೇಲೆ ನಿಧಾನವಾಗಿ ಮಾರಬಹುದು. ಲೆಕ್ಕ 10 ಲಕ್ಷ ನಷ್ಟ ತೋರಿಸಿದರೆ ಆರಕ್ಕೇ ಕೈತೊಳೆದುಕೊಳ್ಳಿ. ‘ಹೇಗಾದರೂ ಆಗಲಿ, ಮೊದಲು ಶೇ 25 ಕಟ್ಟಿಬಿಡೋಣ, ಆಮೇಲೆ ನೋಡೋಣ’ ಅನ್ನೋದು ಮಾತ್ರ ಬೇಡ. ಆ ‘ಆಮೇಲೆ ನೋಡೋಣ’ಕ್ಕೆ ನನ್ನ ಉದಾಹರಣೆಯಲ್ಲಿ ಸುಮಾರು 12 ಲಕ್ಷ ಬೆಲೆ.

ಗೆಲುವನ್ನು ಭಾವಮೈದನ ಹೆಸರಿಗೆ ವರ್ಗಾಯಿಸಬಹುದಾ ಅಂತ ಕೇಳುವವರಿದ್ದಾರೆ. ಸೇಲ್ ಸರ್ಟಿಫಿಕೇಟ್ ಬಿಡ್ ಹಾಕಿದವರ ಹೆಸರಿಗೇ ಕೊಡೋದು ಅಂತ ಸಾಮಾನ್ಯವಾಗಿ ಷರತ್ತಿರುತ್ತದೆ. ಎರಡನೇ ಸ್ಥಾನದಲ್ಲಿದ್ದವರಿಗೆ ಕೊಟ್ಟುಬಿಡಿ ಅನ್ನೋದೂ ನಡೆಯೋದು ಕಷ್ಟ. ನಿಯಮದಲ್ಲಿರೋದು ಮರು ಹರಾಜು.

ಮೂರು: ಬ್ಯಾಂಕಿನ ಕಡೆ ತಪ್ಪಿದೆಯಾ ಹುಡುಕಿ

ಮನಸ್ಸು ಬದಲಾಯಿತು, ಲೋನ್ ಸಿಗಲಿಲ್ಲ, ಬೆಲೆ ಜಾಸ್ತಿ ಆಯಿತು. ಇವಕ್ಕೆ ದುಡ್ಡು ವಾಪಸ್ ಬರುವುದಿಲ್ಲ. ಬ್ಯಾಂಕು ಹೇಳಬೇಕಾದದ್ದನ್ನು ಹೇಳಿಲ್ಲ ಅಂದರೆ ಮಾತ್ರ ಕಥೆ ಬೇರೆ.

ಇದರಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪು ಗೊತ್ತಿರಲಿ. ಮೊದಲನೆಯದು 2024ರ ಫೆಬ್ರವರಿಯದು, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣ. ನೋಟು ರದ್ದಾದ ಹೊಸತರಲ್ಲಿ ಒಬ್ಬರು 12.27 ಕೋಟಿಗೆ ಆಸ್ತಿ ಗೆದ್ದು, ಶೇ 25 ಕಟ್ಟಿ, ಉಳಿದದ್ದು ಹೊಂದಿಸಲಾಗದೆ ಹೋದರು. ಬ್ಯಾಂಕು ಆ ಮೂರು ಕೋಟಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಆಮೇಲೆ ಅದೇ ಆಸ್ತಿ ಇನ್ನೂ ಜಾಸ್ತಿ ಬೆಲೆಗೆ ಹೋಯಿತು. ಬ್ಯಾಂಕಿಗೆ ನಷ್ಟವೇ ಆಗಿಲ್ಲ, ಮತ್ತೆ ಯಾಕೆ ಪೂರ್ತಿ ಮುಟ್ಟುಗೋಲು ಅನ್ನೋದು ವಾದ. ಕೋರ್ಟು ಒಪ್ಪಲಿಲ್ಲ. ಕರಾರು ಕಾಯ್ದೆಯ ನಷ್ಟ ಪರಿಹಾರದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ನಿಯಮ ಹೇಳಿದಷ್ಟೂ ಮುಟ್ಟುಗೋಲು ಹಾಕಬಹುದು ಎಂದಿತು. ಕೋವಿಡ್ ಕಾಲದಲ್ಲಿ ದುಡ್ಡು ಹೊಂದಿಸಲಾಗದ ಒಬ್ಬರಿಗೆ ಅದೇ ಕೋರ್ಟು ಠೇವಣಿ ವಾಪಸ್ ಕೊಡಿಸಿದ್ದೂ ಉಂಟು. ಆದರೆ ಅಂಥ ಕಾಲ ಪದೇ ಪದೇ ಬರುವುದಿಲ್ಲ.

ಎರಡನೆಯದು 2025ರ ಸೆಪ್ಟೆಂಬರ್‌ನದು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ಕ್ಲಬ್ಬಿಗೆ ಜಾಗ ಗುತ್ತಿಗೆ ಕೊಟ್ಟಿತ್ತು. ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಅದನ್ನು ಅಡವಿಡುವಂತಿರಲಿಲ್ಲ. ಆದರೂ ಬ್ಯಾಂಕು ಅಡವಿಟ್ಟುಕೊಂಡಿತು, ಆಮೇಲೆ ಸಾಲ ವಸೂಲಿಗೆ ಅದು ಹರಾಜಾಯಿತು. ಕೊಂಡವರ ತಪ್ಪೇನೂ ಇಲ್ಲ, ಬ್ಯಾಂಕು ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಬೇಕು ಅಂತ ಕೋರ್ಟು ಹೇಳಿತು.

ಹಾಗಾದರೆ ಹುಡುಕೋದು ಏನನ್ನ? ಬ್ಯಾಂಕಿಗೆ ಗೊತ್ತಿರುವ ಋಣಭಾರಗಳನ್ನು ಮಾರಾಟದ ನೋಟಿಸಿನಲ್ಲೇ ಹೇಳಬೇಕು ಅಂತ ನಿಯಮವಿದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. ಇ-ಖಾತಾ ನೋಡಿ, ಸರ್ವೆ ನಂಬರ್, ಅಳತೆ, ಚಕ್ಕುಬಂದಿ ಟೆಂಡರ್‌ಗೆ ಹೊಂದುತ್ತದೆಯಾ ತಾಳೆ ಹಾಕಿ. ಡಿಆರ್‌ಟಿಯಲ್ಲಿ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಮೂಲ ಮಾಲೀಕರು ಕೇಸು ಹಾಕಿದ್ದಾರಾ, ತಡೆಯಾಜ್ಞೆ ಇದೆಯಾ ವಿಚಾರಿಸಿ. ಆಸ್ತಿ ಪಾಲಿನ ದಾವೆ ನಡೆಯುತ್ತಿದ್ದು ಅದು ಬ್ಯಾಂಕಿಗೆ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ನಿಮ್ಮ ಕೈ ಗಟ್ಟಿ.

‘ಎಲ್ಲಿದೆಯೋ ಹಾಗೆ, ಹೇಗಿದೆಯೋ ಹಾಗೆ’ ಎಂಬ ಸಾಲು ಪ್ರತಿ ಟೆಂಡರಿನಲ್ಲೂ ಇರುತ್ತದೆ. ಅದನ್ನೇ ಬ್ಯಾಂಕಿನವರು ಗುರಾಣಿಯಾಗಿ ಹಿಡಿಯುತ್ತಾರೆ. ಗೋಡೆ ಬಿರುಕು ಬಿಟ್ಟಿದೆ, ಲಿಫ್ಟ್ ಕೆಟ್ಟಿದೆ ಅನ್ನೋದಕ್ಕೆ ಆ ಗುರಾಣಿ ಸಾಕು. ಗೊತ್ತಿದ್ದೂ ಮುಚ್ಚಿಟ್ಟ ದಾವೆಗೆ ಸಾಲದು. ನನ್ನ ವಿಷಯದಲ್ಲಿ ನಾಲ್ಕನೇ ಪುಟದಲ್ಲಿ ಎಲ್ಲ ಬರೆದಿತ್ತು. ಹೀಗಾಗಿ ನನಗೆ ಈ ದಾರಿ ಇರಲಿಲ್ಲ.

ನಾಲ್ಕು: ಪತ್ರ ಬರೆಯಿರಿ, ಫೋನಿನಲ್ಲಿ ಮುಗಿಸಬೇಡಿ

ಬ್ರ್ಯಾಂಚ್ ಮ್ಯಾನೇಜರ್ ಒಳ್ಳೆಯವರಿರಬಹುದು. ‘ನೋಡೋಣ ಸಾರ್, ಏನಾದರೂ ಮಾಡೋಣ’ ಅನ್ನಬಹುದು. ಆ ಮಾತು ನಂಬಿ ದಿನ ಕಳೆಯಬೇಡಿ. ಹರಾಜಿನ ನೋಟಿಸಿನಲ್ಲಿ ಅಧಿಕೃತ ಅಧಿಕಾರಿಯ ಹುದ್ದೆ, ವಿಳಾಸ, ಇಮೇಲ್ ಇರುತ್ತದೆ. ಪತ್ರ ಅವರಿಗೇ ಹೋಗಬೇಕು, ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ.

ಪತ್ರ ಅರ್ಧ ಪುಟ ಸಾಕು. ಹರಾಜಿನ ದಿನ, ಆಸ್ತಿಯ ಐಡಿ, ಬಿಡ್ ಮೊತ್ತ, ಕಟ್ಟಿದ ದುಡ್ಡು ಮೇಲೆ ಬರಲಿ. ಬ್ಯಾಂಕಿನ ತಪ್ಪಿದ್ದರೆ ಅದನ್ನು ದಾಖಲೆ ಸಮೇತ ಹೇಳಿ, ಮಾರಾಟ ರದ್ದು ಮಾಡಿ ಕಟ್ಟಿದ್ದನ್ನು ವಾಪಸ್ ಕೊಡಿ ಅಂತ ನೇರವಾಗಿ ಕೇಳಿ. ತಪ್ಪಿಲ್ಲದಿದ್ದರೆ ಸುಳ್ಳು ಕಾರಣ ಕಟ್ಟಬೇಡಿ. ಮನೆಯ ಕಷ್ಟಸುಖದ ಎರಡು ಪುಟ ಬರೆದರೆ ಅದೇ ಮುಂದೆ ನಿಮ್ಮ ವಿರುದ್ಧದ ಸಾಕ್ಷಿ ಆಗಬಹುದು: ‘ಇವರೇ ದುಡ್ಡಿಲ್ಲ ಅಂತ ಬರೆದಿದ್ದಾರೆ ನೋಡಿ.’

ಟೆಂಡರ್ ದಾಖಲೆ, ಬಿಡ್ ಪುಟದ ಸ್ಕ್ರೀನ್‌ಶಾಟ್, ಇಎಂಡಿ ಕಟ್ಟಿದ ರಸೀದಿ ಎಲ್ಲವನ್ನೂ ಅದೇ ದಿನ ಇಳಿಸಿಟ್ಟುಕೊಳ್ಳಿ. ಹರಾಜು ಮುಗಿದ ಮೇಲೆ ಪೋರ್ಟಲ್‌ನಲ್ಲಿ ಅವು ಸಿಗದೆ ಹೋಗಬಹುದು.

‘ನಿಮ್ಮ ಇಎಂಡಿ ಬಿಡಿಸಿಕೊಡ್ತೀನಿ, ಒಳಗೆ ಜನ ಗೊತ್ತು’ ಅಂತ ಫೋನ್ ಮಾಡುವ ಏಜೆಂಟರಿಗೆ ಸುಮ್ನೆ ಕಟ್ ಮಾಡಿ.

ಐದು: ಶೇ 25 ಕಟ್ಟಿಬಿಟ್ಟಿದ್ದರೆ

ಆಗ ಹೊರಗೆ ಬರೋದಕ್ಕಿಂತ ದಡ ಮುಟ್ಟೋದರ ಬಗ್ಗೆ ಯೋಚಿಸಿ. 15 ದಿನ ಮುಗಿಯುವ ಮುಂಚೆಯೇ ಸಮಯ ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹರಾಜಿನ ಆಸ್ತಿಗೂ ಸಾಲ ಸಿಗುತ್ತದೆ, ಆದರೆ ಹದಿನೈದು ದಿನದಲ್ಲಿ ಮಂಜೂರಾಗೋದು ಕಷ್ಟ. ಮಾರಿದ ಬ್ಯಾಂಕಿನಲ್ಲೇ ಮೊದಲು ಕೇಳಿ, ಕಾಗದಪತ್ರ ಅವರ ಹತ್ತಿರವೇ ಇರುತ್ತದಲ್ಲ. ಬೆಲೆ 50 ಲಕ್ಷ ಮುಟ್ಟಿದ್ದರೆ ಶೇ 1 ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯಬೇಕು. ಮಾರಾಟ ಉಳಿಯುತ್ತದೋ ರದ್ದಾಗುತ್ತದೋ ಎಂಬ ಅನುಮಾನ ಇರುವಾಗಲೇ ಅದನ್ನು ಕಟ್ಟಿಬಿಟ್ಟರೆ ವಾಪಸ್ ತರಿಸೋದು ಇನ್ನೊಂದು ತಲೆನೋವು.

ಬ್ಯಾಂಕು ಮುಟ್ಟುಗೋಲು ಹಾಕಿತು, ನಿಮ್ಮ ಹತ್ತಿರ ಗಟ್ಟಿ ಕಾರಣ ಇದೆ ಅಂದರೆ 45 ದಿನದೊಳಗೆ ಡಿಆರ್‌ಟಿಗೆ ಅರ್ಜಿ ಹಾಕಿ. ಬೆಂಗಳೂರಿನಲ್ಲೇ ಇದೆ. ಮೇಲ್ಮನವಿಗೆ ಮಾತ್ರ ಚೆನ್ನೈಗೆ ಹೋಗಬೇಕು. ಈ ಹಂತದಲ್ಲಿ ವಕೀಲರಿಲ್ಲದೆ ಮುಂದೆ ಹೋಗಬೇಡಿ, ಅದರಲ್ಲೂ ಸರ್ಫೇಸಿ ಕೇಸುಗಳನ್ನೇ ನಡೆಸುವವರನ್ನು ಹುಡುಕಿ.

ನಾವು ಅಲ್ಲಿಯವರೆಗೆ ಹೋಗಲಿಲ್ಲ. ಆ ರಾತ್ರಿ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದಾಗ ನಷ್ಟ ಹನ್ನೆರಡರ ಹತ್ತಿರ ಬಂತು. ರಂಗೋಲಿ ಹಾಕಿದವರನ್ನು ಹೊರಗೆ ಕಳಿಸಿ ಅಂತ ಓಡಾಡುವ ಮನಸ್ಸೂ ಇರಲಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಇಮೇಲ್ ಕಳಿಸಿದೆ, ನಾಲ್ಕು ಸಾಲು. ಮೂರನೇ ದಿನ ಬಂದ ಉತ್ತರ ಎರಡು ಸಾಲು: ಶೇ 25 ಪಾವತಿಯಾಗಿಲ್ಲ, ಷರತ್ತಿನಂತೆ ಇಎಂಡಿ ಮುಟ್ಟುಗೋಲು ಹಾಕಲಾಗಿದೆ. ಕೆಲವು ತಿಂಗಳಾದ ಮೇಲೆ ಅದೇ ಫ್ಲಾಟ್ ಮತ್ತೆ ಹರಾಜಿನ ಪಟ್ಟಿಯಲ್ಲಿ ಕಂಡಿತು. ರಿಸರ್ವ್ ಬೆಲೆ 54 ಲಕ್ಷ. ಸ್ವಾಧೀನದ ಕಾಲಂನಲ್ಲಿ ಈಗಲೂ ‘ಸಾಂಕೇತಿಕ’ ಅಂತಲೇ ಇತ್ತು.