ಮೆಕ್ಕೆಜೋಳದ ಬೆಂಡಿನಿಂದ ಕ್ಸೈಲಿಟಾಲ್: ಹನ್ನೆರಡನೆಯ ಬ್ಯಾಚು ಕೈಹಿಡಿಯಿತು

"ಯೀಸ್ಟ್ ನೆಚ್ಚಿ ದುಡ್ಡು ಕಳೆಯಬೇಡಿ ಸಾರ್, ಕ್ಸೈಲಿಟಾಲಿಗೆ ನಿಕ್ಕಲ್, ಹೈಡ್ರೋಜನ್ ದಾರಿಯೇ ಸರಿ" ಎಂದಿದ್ದವರಿಗೆ ಕಳೆದ ತಿಂಗಳು ಹರಳಿನ ಪುಟ್ಟ ಡಬ್ಬಿಯೊಂದನ್ನು ತೋರಿಸಿ ಬಂದೆ. ಕ್ಸೈಲಿಟಾಲ್ ಅಂದರೆ ಸಕ್ಕರೆಗೆ ಬದಲಾಗಿ ಬಳಸುವ ಸಿಹಿ ಹರಳು. ಬೆಂಡಿನಲ್ಲಿ ಸಿಗುವ ಕ್ಸೈಲೋಸ್ ಎಂಬ ಸಕ್ಕರೆಗೆ ನಿಕ್ಕಲ್ ನೆರವಿನಿಂದ ಹೈಡ್ರೋಜನ್ ಕೂಡಿಸಿ ಅದನ್ನು ಮಾಡುವುದು ಕಾರ್ಖಾನೆಯ ದಾರಿ; ನಾನು ಆ ಕೆಲಸವನ್ನು ಯೀಸ್ಟಿಗೆ ಒಪ್ಪಿಸಿದೆ. ದಾವಣಗೆರೆಯ ಸುತ್ತ ಬೆಂಡಿಗೆ ಬರವಿಲ್ಲ. ಸಾಗಣೆ ಖರ್ಚಿಗೇ ಸಿಕ್ಕಿತು.

ಬೆಂಡನ್ನು ಶೇ. 1ರ ಸಲ್ಫ್ಯೂರಿಕ್ ಆಮ್ಲದಲ್ಲಿ 121 ಡಿಗ್ರಿಗೆ ಬೇಯಿಸಿದರೆ ಕ್ಸೈಲೋಸ್ ರಸಕ್ಕಿಳಿಯುತ್ತದೆ; ಆಮೇಲೆ ಸುಣ್ಣ ಹಾಕಿ ಹುಳಿ ತಗ್ಗಿಸಿ, ಇದ್ದಿಲಿನಿಂದ ರಸ ತಿಳಿ ಮಾಡುತ್ತೇನೆ. ಮೊದಲ ನಾಲ್ಕು ಬ್ಯಾಚುಗಳಲ್ಲಿ ನನ್ನ ಯೀಸ್ಟು, ಕ್ಯಾಂಡಿಡಾ ಟ್ರಾಪಿಕಾಲಿಸ್, ಕಣ್ಣೇ ಬಿಡಲಿಲ್ಲ. ಬೇಯಿಸುವಾಗ ಹುಟ್ಟಿ ಯೀಸ್ಟನ್ನು ತಡೆಯುವ ಫರ್ಫ್ಯುರಾಲಿನ ಬಾದಾಮಿ ವಾಸನೆ ರಸದಲ್ಲಿ ಹೊಡೆಯುತ್ತಿತ್ತು. ನಿರ್ವಾತದಲ್ಲಿ ಬತ್ತಿಸಿದಾಗ ಅದು ಹಬೆಯ ಜೊತೆ ಹೋಯಿತು, ಯೀಸ್ಟಿಗೆ ಆಗದ ಅಸಿಟಿಕ್ ಆಮ್ಲ ಮಾತ್ರ ಉಳಿಯಿತು. ಕೊನೆಗೆ ಯೀಸ್ಟನ್ನೇ ಪಳಗಿಸಿದೆ: ಮೊದಲು ಹತ್ತರಲ್ಲೊಂದು ಪಾಲು ರಸ, ಆಮೇಲೆ ಸಲಸಲಕ್ಕೂ ತುಸು ಹೆಚ್ಚು. ಎಷ್ಟು ಸಲ, ಯಾವ ಪಿಎಚ್‌ನಲ್ಲಿ ಎಂಬುದನ್ನು ಬರೆಯುವುದಿಲ್ಲ. ಅದಕ್ಕೆ ಏಳು ತಿಂಗಳು ತೆತ್ತಿದ್ದೇನೆ.

ಮುಂದಿನ ಪೆಟ್ಟು ಗಾಳಿಯದು. ಧಾರಾಳವಾಗಿ ಬಿಟ್ಟರೆ ಯೀಸ್ಟು ಕ್ಸೈಲೋಸ್ ತಿಂದು ತಾನೇ ಕೊಬ್ಬಿತು. ಬಿಗಿ ಮಾಡಿದರೆ ಹೆಂಡದ ವಾಸನೆ ಬಂತು, ಕ್ಸೈಲಿಟಾಲ್ ಏರಲಿಲ್ಲ. ಈಗ ರಸದಲ್ಲಿರುವ ಗ್ಲೂಕೋಸ್ ಮುಗಿಯುವವರೆಗೆ, ಅಂದರೆ ಹೆಚ್ಚುಕಡಿಮೆ ಹನ್ನೆರಡು ಗಂಟೆ, ಚೆನ್ನಾಗಿ ಗಾಳಿ ಕೊಟ್ಟು ಆಮೇಲೆ ಕಲಕುವ ವೇಗವನ್ನು ಅರ್ಧಕ್ಕೆ ಇಳಿಸುತ್ತೇನೆ.

ಹಣದ ಮಾತು. ರಸ ಹುದುಗಿಸುವ ಹಳೆಯ 20 ಲೀಟರ್ ಪಾತ್ರೆಗೆ, ಅಂದರೆ ಫರ್ಮೆಂಟರಿಗೆ, 1.8 ಲಕ್ಷ ಕೊಟ್ಟಿದ್ದೆ. ಕಲಕುವ ಶಾಫ್ಟಿನ ಸೀಲು ಸೋರಿ ಎರಡು ಬ್ಯಾಚಿಗೆ ಬ್ಯಾಕ್ಟೀರಿಯಾ ಹೊಕ್ಕಿತು; ಮಾರಿದವರು ಫೋನನ್ನೇ ಎತ್ತಲಿಲ್ಲ. ಹೊಸ ಸೀಲಿಗೆ 14 ಸಾವಿರ. ಎಲ್ಲ ಸೇರಿ ಐದು ಲಕ್ಷ ದಾಟಿದೆ.

ನಡುವೆ ಮಲೆನಾಡಿನ ಗೆಳೆಯರೊಬ್ಬರು ಕೊಟ್ಟ ಎರಡು ಚೀಲ ಅಡಿಕೆ ಸಿಪ್ಪೆಯನ್ನೂ ಬೇಯಿಸಿದೆ. ರಸ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಇದ್ದಿಲು ದುಪ್ಪಟ್ಟು ಹಾಕಿದರೂ ತಿಳಿಯಾಗಲಿಲ್ಲ. ಬಿಟ್ಟಿಲ್ಲ, ಮಳೆಗಾಲ ಕಳೆದ ಮೇಲೆ ಮತ್ತೆ ಹಿಡಿಯುತ್ತೇನೆ.

ಹನ್ನೆರಡನೆಯ ಬ್ಯಾಚಿಗೆ ಐದು ಕಿಲೋ ಬೆಂಡು. ಬತ್ತಿಸಿದ ರಸ ಹದಿನಾಲ್ಕು ಲೀಟರ್, ಲೀಟರಿಗೆ ಸುಮಾರು 70 ಗ್ರಾಂ ಕ್ಸೈಲೋಸ್. ಮೂರು ದಿನಕ್ಕೆ ಗ್ರಾಂ ಕ್ಸೈಲೋಸಿಗೆ 0.65 ಗ್ರಾಂ ಕ್ಸೈಲಿಟಾಲ್ ಇಳುವರಿ. ಹಿಂದಿನ ಬ್ಯಾಚಿನ ಪಾಕ ಮೂರು ವಾರ ಫ್ರಿಜ್ಜಿನಲ್ಲಿ ಜೇನಿನಂತೆ ಕೂತೇ ಇತ್ತು. ಈ ಸಲ ರೆಸಿನ್ನಿನಲ್ಲಿ ಹಾಯಿಸಿ ಲವಣ ತೆಗೆದು, ಗಟ್ಟಿಯಾಗಿ ಬತ್ತಿಸಿ, ಪಾಕ ಹರಳುಗಟ್ಟಲೆಂದು ಚಿಟಿಕೆ ಬೀಜದ ಹರಳು, ಅಂದರೆ ಸಿದ್ಧ ಕ್ಸೈಲಿಟಾಲ್ ಹರಳು, ಉದುರಿಸಿದೆ. ಉದುರಿಸುವ ಹೊತ್ತು ಯಾವುದೆಂಬುದು ನನ್ನಲ್ಲೇ ಇರಲಿ. ಮರುದಿನ ಬೆಳಿಗ್ಗೆ ಬೀಕರಿನ ತಳದಲ್ಲಿ ಚಿರೋಟಿ ರವೆಯಂಥ ಬಿಳಿ ಪದರ! ಚಮಚ ಆಡಿಸಿದರೆ ಕರಕರ ಎಂದಿತು. ತೊಳೆದು ಒಣಗಿಸಿ ತೂಗಿದರೆ ಮುನ್ನೂರೈವತ್ತು ಗ್ರಾಂ. ಪರೀಕ್ಷಾ ವರದಿ ಬಂದ ಮೇಲೆ ನಾಲ್ಕು ಹರಳು ಬಾಯಿಗೆ ಹಾಕಿಕೊಂಡೆ. ಸಿಹಿಯ ಜೊತೆಗೇ ನಾಲಿಗೆ ತಣ್ಣಗಾಯಿತು.

ಉಳಿದದ್ದು ಅಟ್ಟದ ಮೇಲಿದೆ. ಕ್ಸೈಲಿಟಾಲ್ ನಾಯಿಗಳಿಗೆ ವಿಷ, ನಮ್ಮ ಮನೆಯಲ್ಲಿ ಎರಡಿವೆ.