ಒಂದೇ ಕಥೆ, ಇಡೀ ವಾರ

ವಾರಪೂರ್ತಿ ಒಂದೇ ಕಥೆ ಹೇಳುತ್ತೇನೆ ಅಂದಾಗ ನಮ್ಮ ಅಂಗನವಾಡಿ ಟೀಚರುಗಳ ಸರ್ಕಲ್ ಮೀಟಿಂಗ್‌ನಲ್ಲಿ ಎಲ್ಲರೂ ನಕ್ಕರು. "ಮಕ್ಕಳಿಗೆ ಬೇಜಾರಾಗಲ್ವಾ?" ಅಂದರು. ಬೇಜಾರಾಗೋದು ಟೀಚರಿಗೆ, ಮಕ್ಕಳಿಗಲ್ಲ. ಅವತ್ತು ನಕ್ಕವರಲ್ಲೇ ಇಬ್ಬರು ಮೂವರು ಈಗ ಫೋನ್ ಮಾಡಿ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದದ್ದು ಹೇಳಿಬಿಡುತ್ತೇನೆ. ಪೇಟೆಯಿಂದ ಕೈಗೊಂಬೆ ತಂದೆ. 600-700 ರೂಪಾಯಿ ಇರಬೇಕು, ಸ್ವಂತ ದುಡ್ಡು. ಗೊಂಬೆ ಕಂಡಮೇಲೆ ಕಥೆ ಯಾರಿಗೆ ಬೇಕು? ಕಿತ್ತಾಡಿ ಮೊಲದ ಕಿವಿ ಕೈಗೆ ಬಂತು. ಆಮೇಲೆ ಚಿತ್ರ ಬರೆದು ಲ್ಯಾಮಿನೇಶನ್ ಮಾಡಿಸಿದೆ, ಅದಕ್ಕೊಂದು 300. ಚಿತ್ರ ನೋಡಿ "ಕಾಗೆ", "ಮನೆ" ಅಂದು ಸುಮ್ಮನಾಗುತ್ತಿದ್ದವು. ಮೊಬೈಲಿನಲ್ಲಿ ಕಥೆ ಹಾಕಿದರೆ ಬಾಯಿ ಬಿಟ್ಟುಕೊಂಡು ನೋಡಿದವು. ಏನಾಯ್ತು ಹೇಳಿ ಅಂದರೆ, "ಇನ್ನೊಂದ್ ಹಾಕಿ ಟೀಚರ್!"

ಕೊನೆಗೆ ಹಿಡಿದದ್ದು ಕಾಗಕ್ಕ ಗುಬ್ಬಕ್ಕನ ಕಥೆ. ಮಳೆಗೆ ಸಗಣಿ ಮನೆ ಕೊಚ್ಚಿಹೋಗಿ ಕಾಗಕ್ಕ ಬಂದು ಗುಬ್ಬಕ್ಕನ ಕಲ್ಲಿನ ಮನೆಯ ಕದ ತಟ್ಟುತ್ತಾಳಲ್ಲ, ಅದೇ. ಸೋಮವಾರ ಪೂರ್ತಿ ಹೇಳುತ್ತೇನೆ, ಒಂದೂ ಪ್ರಶ್ನೆ ಕೇಳುವುದಿಲ್ಲ. ಮಂಗಳವಾರ ಕದ ತಟ್ಟುವುದು ಮಕ್ಕಳ ಕೆಲಸ. ಬುಧವಾರದಿಂದ ಗುಬ್ಬಕ್ಕನ ಮಾತೂ ಅವರದ್ದೇ. "ತಾಳು, ಮಗೂಗೆ ಸ್ನಾನ ಮಾಡಿಸ್ತಿದ್ದೀನಿ." "ತಾಳು, ಮೈ ಒರೆಸ್ತಿದ್ದೀನಿ." "ತಾಳು, ಕಾಡಿಗೆ ಹಚ್ತಿದ್ದೀನಿ." ಗುರುವಾರ ನಾನು ಬೇಕಂತಲೇ ಸ್ನಾನಕ್ಕೆ ಮುಂಚೆ ಕಾಡಿಗೆ ಹಚ್ಚಿಬಿಡುತ್ತೇನೆ. ಎಲ್ಲವೂ ಎದ್ದು ನಿಂತು ಕೂಗುತ್ತವೆ: "ತೊಳ್ದೋಗತ್ತೆ ಟೀಚರ್!" ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಚಾರ್ಟ್ ತೋರಿಸಿ ಹೀಗೆ ಕೂಗಿಸಿ ನೋಡೋಣ! ಮೂರೂವರೆ ವರ್ಷದವನೊಬ್ಬ "ತಾಳು, ಪೋಲಿಯೊ ಹನಿ ಹಾಕಿಸ್ತಿದ್ದೀನಿ" ಅಂತ ಸೇರಿಸಿದ. ಅದೀಗ ನಮ್ಮ ಕಥೆಯಲ್ಲಿ ಕಾಯಂ.

ಶುಕ್ರವಾರ ಹುಣಸೆಬೀಜ. ಒಂದು ಸಲ ಕದ ತಟ್ಟಿದರೆ ಒಂದು ಬೀಜ ತಟ್ಟೆಗೆ. ಮೊದಲು ಐದು ದಾಟಿಸುತ್ತಿದ್ದವರು ನಾಲ್ಕೈದು ಮಕ್ಕಳು. ಈಗ ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ಹದಿನಾಲ್ಕು ಹದಿನೈದಾದರೂ ಹತ್ತರವರೆಗೆ ಒಂದೊಂದೇ ಬೀಜ ಮುಟ್ಟಿ ಎಣಿಸುತ್ತವೆ. ಬಾಯಿಪಾಠ ಅಲ್ಲ, ಎಣಿಕೆ. ಖರ್ಚು ಸೊನ್ನೆ.

ಊಟ ಆದಮೇಲೆ ಮಾತ್ರ ಹೇಳಬೇಡಿ, ಅರ್ಧಕ್ಕರ್ಧ ತೂಕಡಿಸುತ್ತವೆ.

ನಡುವೆ ಒಂದು ತಮಾಷೆ ನಡೆಯಿತು. ಅಂಗಳದಲ್ಲಿ ಪುಟ್ಟದೊಂದು ಸಗಣಿ ಮನೆ, ಪಕ್ಕದಲ್ಲಿ ಕಲ್ಲಿನ ಮನೆ ಕಟ್ಟಿಸಿ, ಎರಡು ದಿನ ಒಣಗಲು ಬಿಟ್ಟು ಚೊಂಬಿನಿಂದ ಮಳೆ ಸುರಿಸಿದೆ. ಬಿದ್ದದ್ದು ಗುಬ್ಬಕ್ಕನ ಮನೆ! ಸಗಣಿ ಮನೆ ಒದ್ದೆಯಾಗಿ ನಿಂತೇ ಇತ್ತು. "ಗುಬ್ಬಕ್ಕ ಸಿಮೆಂಟ್ ಹಾಕಿರ್ಲಿಲ್ವಾ?" ಅಂತ ಒಬ್ಬಳು ಕೇಳಿದಳು. ಆ ದಿನ ಕಥೆ ಮುಂದೆ ಹೋಗಲೇ ಇಲ್ಲ, ಎಲ್ಲರೂ ಮಣ್ಣು ಕಲಸೋಕೆ ಕೂತರು.

ನಮ್ಮದು ಕಡೂರು ಕಡೆ ಹಳ್ಳಿ. ತಾಂಡಾದ ಮಕ್ಕಳೂ ಬರುತ್ತವೆ, ಮನೇಲಿ ಲಂಬಾಣಿ ಮಾತು. ಒಬ್ಬಳು ಸೇರಿ ತಿಂಗಳುಗಳಾದರೂ ಬಾಯಿ ಬಿಟ್ಟಿರಲಿಲ್ಲ. ಅವಳ ಅಜ್ಜಿಯನ್ನು ಕರೆಸಿ ಇದೇ ಕಥೆಯನ್ನು ಅವರ ಮಾತಿನಲ್ಲಿ ಹೇಳಿಸಿದೆ. ಕಥೆ ಮೊದಲೇ ಗೊತ್ತಿದ್ದದ್ದರಿಂದ ಮಿಕ್ಕ ಮಕ್ಕಳಿಗೂ ಅರ್ಥವಾಯ್ತು. ಅವು ಎಲ್ಲಾದರೂ ತಡವರಿಸಿದರೆ ಅವಳೇ ಕನ್ನಡದಲ್ಲಿ ಹೇಳಿಕೊಟ್ಟಳು. ಈಗ ಅವಳ ಬಾಯಿ ಮುಚ್ಚಿಸೋದೇ ಕೆಲಸ.

ಕಾಗಕ್ಕ ಒಳಗೆ ಬಂದಮೇಲಿನ ಕೊನೆ ನಮ್ಮ ಕಡೆ ಹೇಳುವುದು ಚಿಕ್ಕವರಿಗೆ ಸ್ವಲ್ಪ ಕ್ರೂರ ಅನಿಸಿತು, ಬದಲಾಯಿಸಿದ್ದೇನೆ. ಹೇಗೆ ಅಂತ ಬರೆಯುವುದಿಲ್ಲ, ಅದು ನನ್ನ ಬಂಡವಾಳ. ನೋಡಬೇಕಂದರೆ ಸೆಂಟರಿಗೆ ಬನ್ನಿ.

ಈ ವಾರ ಟೋಪಿ ಮಾರುವವನು, ಕೋತಿಗಳು. ಟೋಪಿಗೆ ಹಳೇ ಪೇಪರ್ ಸಾಕು, ಬಣ್ಣದ ಪ್ರಕಾರ ಬೇರೆ ಬೇರೆ ಮಾಡೋದು ಮಕ್ಕಳಿಗೆ ಚೆನ್ನಾಗಿ ಬರುತ್ತಿದೆ. ಒಂದೇ ತೊಂದರೆ. ಕೋತಿಯಾಗೋಕೆ ಎಲ್ಲರೂ ತಯಾರು, ಟೋಪಿ ಮಾರೋಕೆ ಯಾರೂ ಇಲ್ಲ. ಸದ್ಯಕ್ಕೆ ನಮ್ಮ ಸಹಾಯಕಿಯನ್ನೇ ನಿಲ್ಲಿಸಿದ್ದೇನೆ.